ಧೂಳಿನ ಮರೆಯ ನಕ್ಷತ್ರಗಳು

ನಕ್ಷತ್ರಗಳು ಹುಟ್ಟುವುದು ದಟ್ಟವಾದ ಧೂಳಿನ ಮರೆಯಲ್ಲಿ. ಸಾಮಾನ್ಯ ದೂರದರ್ಶಕಕ್ಕೆ ಆ ಹೆರಿಗೆಮನೆಯ ಬಾಗಿಲು ಮುಚ್ಚಿದಂತೆಯೇ ಸರಿ. ಆದರೆ ಅವುಗಳ ಬೆಳಕನ್ನು ಹೀರಿದ ಧೂಳು ಮಿಲಿಮೀಟರಿಗೂ ಕಿರಿದಾದ ಅಲೆಗಳನ್ನು ತಾನೇ ಸೂಸುತ್ತದೆ. ಗಾಳಿಯಲ್ಲಿನ ನೀರಾವಿ ಅವನ್ನು ನುಂಗಿಬಿಡುವುದರಿಂದಲೇ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ದೂರದರ್ಶಕವನ್ನು ಹವಾಯಿಯ ಮೌನಾ ಕೀ ಪರ್ವತದ ಮೇಲೆ, 4,000 ಮೀಟರಿಗೂ ಮೀರಿದ ಎತ್ತರದಲ್ಲಿ ನಿಲ್ಲಿಸಿದರು.

ಅದರ 15 ಮೀಟರ್ ಅಗಲದ ಬೋಗುಣಿಗೆ 2011ರಲ್ಲಿ ಒದಗಿದ ಕಣ್ಣು ‘ಸ್ಕೂಬಾ-2’. ಅದರಲ್ಲಿ ಸುಮಾರು 10,000 ಗ್ರಾಹಕಗಳು. ಒಂದೊಂದರ ತೆಳುವಾದ ಲೋಹದ ಪೊರೆಯನ್ನೂ ನಿರಪೇಕ್ಷ ಶೂನ್ಯದ ಸಮೀಪಕ್ಕೆ ತಣಿಸಿ, ಅತಿವಾಹಕತೆಯ ಅಂಚಿನಲ್ಲಿ ತೂಗಿ ನಿಲ್ಲಿಸುತ್ತಾರೆ. ತೃಣಮಾತ್ರ ಶಾಖ ಸೋಕಿದರೂ ವಿದ್ಯುತ್ತಿನ ರೋಧ ಸರ್ರನೆ ಏರುತ್ತದೆ. ಆ ಏರಿಕೆಯೇ ಚಿತ್ರದ ಚುಕ್ಕೆ. ಎಂತಹ ನಾಜೂಕು!

ಇದರ ಹಿರಿಯಣ್ಣ ‘ಸ್ಕೂಬಾ’ಕ್ಕೆ ಇದ್ದುದು ನೂರಕ್ಕೆ ತುಸು ಮೀರಿದ ಗ್ರಾಹಕಗಳು, ಅವೂ ಅತಿವಾಹಕಗಳಲ್ಲ. ಆದರೂ 1998ರಲ್ಲಿ ಅದು ಧೂಳಿನಲ್ಲಿ ಹುದುಗಿದ್ದ ದೂರದ ಗೆಲಾಕ್ಸಿಗಳನ್ನು ಬಯಲಿಗೆಳೆದಾಗ, ವಿಶ್ವದ ನಕ್ಷತ್ರಜನನದ ಲೆಕ್ಕವನ್ನೇ ವಿಜ್ಞಾನಿಗಳು ತಿದ್ದಬೇಕಾಯಿತು.