ನಾಣ್ಯ ಮೇಳಕ್ಕೆ ಹೊರಟಿರಾ?

ಬೆಂಗಳೂರಿನ ದೊಡ್ಡ ನಾಣ್ಯ ಮೇಳಗಳಿಗೆ ಮೊದಲ ಸಲ ಬರುವವರು ಬಾಗಿಲ ಬಳಿಯ ಮೇಜಿನಲ್ಲೇ ಇದ್ದ ಹಣವನ್ನೆಲ್ಲ ಮುಗಿಸಿಬಿಡುವುದುಂಟು. ನೀವು ಹಾಗೆ ಮಾಡಬೇಡಿ. ಮೊದಲು ಸುಮ್ಮನೆ ಒಂದು ಸುತ್ತು ಬನ್ನಿ. ಒಂದೇ ನಾಣ್ಯಕ್ಕೆ ಮೂರು ಕಡೆ ಮೂರು ಬೆಲೆ ಇರುವುದು ಆಗ ತಿಳಿಯುತ್ತದೆ.

ಜೇಬಿನಲ್ಲಿ ಭೂತಗನ್ನಡಿ, ಚಿಕ್ಕದೊಂದು ಅಯಸ್ಕಾಂತ ಇರಲಿ. ವಿಕ್ಟೋರಿಯಾ ರಾಣಿಯ ರೂಪಾಯಿ ನೋಡಿ. ತೂಕ 11.66 ಗ್ರಾಂ, ನೂರಕ್ಕೆ ಸುಮಾರು 92 ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಇವೆರಡೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟಿತೋ, ನಾಣ್ಯ ಖೋಟಾ. ಆದರೆ 1947ರ ರೂಪಾಯಿ ಅಂಟಿದರೆ ಗಾಬರಿಯಾಗಬೇಡಿ, ಅದು ನಿಕ್ಕಲ್‌ನದು. ಅಂಟದ್ದೆಲ್ಲ ಅಸಲಿ ಎಂದೂ ಅಲ್ಲ. ಬೆಳ್ಳಿ ಲೇಪದ ಹಿತ್ತಾಳೆಯೂ ಅಂಟುವುದಿಲ್ಲ. ಆದರೆ ಅದೇ ಗಾತ್ರದಲ್ಲಿ ತೂಕ ಕಡಿಮೆ. ತೂಗಿ ತೋರಿಸಿ ಎನ್ನಲು ಸಂಕೋಚವೇಕೆ? ಇನ್ನು, 1939ರ ಬೆಳ್ಳಿ ರೂಪಾಯಿ ಬಹಳ ಅಪರೂಪ. ಅಗ್ಗಕ್ಕೆ ಸಿಕ್ಕರೆ ಕೊನೆಯ ಅಂಕಿಗೆ ಭೂತಗನ್ನಡಿ ಹಿಡಿಯಿರಿ, 8ನ್ನು ತಿದ್ದಿ 9 ಮಾಡಿರಬಹುದು.

ಕೊಂಡದ್ದನ್ನು ಮಾತ್ರ ತಿಕ್ಕಬೇಡಿ. ಕಾಲೇಜಿನಲ್ಲಿದ್ದಾಗ ನಾನು ಆನೆಯ ಚಿತ್ರವಿದ್ದ ಮೈಸೂರಿನ ಹಳೆಯ ತಾಮ್ರದ ಕಾಸೊಂದನ್ನು ಹುಣಸೆಹಣ್ಣು ಹಾಕಿ ಥಳಥಳ ಬೆಳಗಿದ್ದೆ. ಆಮ್ಲ ತಾಮ್ರದ ಆಕ್ಸೈಡನ್ನು ಕರಗಿಸುತ್ತದೆಂದು ಓದಿದ್ದೆನಲ್ಲ! ಅಷ್ಟು ವರ್ಷ ಕೂತ ಆ ಕಂದು ಪದರವೇ ನಾಣ್ಯಕ್ಕೆ ರಕ್ಷೆ, ಅದರ ವಯಸ್ಸಿನ ಗುರುತು ಎಂಬುದು ಹೊಳೆದಿರಲಿಲ್ಲ. ಮೇಳದಲ್ಲಿ ಹಿರಿಯ ಸಂಗ್ರಾಹಕರೊಬ್ಬರಿಗೆ ತೋರಿಸಿದೆ. ಅವರು ಒಮ್ಮೆ ತಿರುಗಿಸಿ ನೋಡಿ, ಏನೂ ಹೇಳದೆ ನನ್ನ ಕೈಗಿಟ್ಟರು. ಆ ಕಾಸು ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ.