ಅನುಮಾನ ಪಟ್ಟವರು, ಅನುಮಾನ ಬಿತ್ತಿದವರು

1938ರ ಫೆಬ್ರುವರಿಯಲ್ಲಿ ಲಂಡನ್ನಿನ ರಾಯಲ್ ಮೀಟಿಯರಾಲಾಜಿಕಲ್ ಸೊಸೈಟಿಯಲ್ಲಿ ಗೈ ಕ್ಯಾಲೆಂಡರ್ ಒಂದು ಪ್ರಬಂಧ ಮಂಡಿಸಿದರು. ಅವರು ಉಗಿಯಂತ್ರಗಳ ಎಂಜಿನಿಯರ್. ಹವಾಮಾನ ಅವರ ಬಿಡುವಿನ ಹೊತ್ತಿನ ಗೀಳು. ಬೇರೆ ಬೇರೆ ದೇಶಗಳ 147 ಹವಾಮಾನ ಕೇಂದ್ರಗಳ ಹಳೆಯ ದಾಖಲೆ ಕೂಡಿಹಾಕಿ, ಕೈಯಲ್ಲೇ ಲೆಕ್ಕ ಮಾಡಿ ಅವರು ಹೇಳಿದ್ದಿಷ್ಟು: ಐವತ್ತು ವರ್ಷಗಳಲ್ಲಿ ಮನುಷ್ಯ ಸುಟ್ಟ ಇಂಧನದಿಂದ ಸುಮಾರು 15,000 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿದೆ, ಅದರ ಮುಕ್ಕಾಲು ಪಾಲು ಅಲ್ಲೇ ಉಳಿದಿದೆ, ಭೂಮಿ ಬಿಸಿಯಾಗುತ್ತಿದೆ. ಅವರ ಪಾಲಿಗೆ ಇದು ಒಳ್ಳೆಯ ಸುದ್ದಿಯೇ ಆಗಿತ್ತು. ಹಿಮಯುಗ ಮರಳುವುದು ತಪ್ಪುತ್ತದಲ್ಲ ಎಂದುಕೊಂಡಿದ್ದರು.

ಹವಾಮಾನ ತಜ್ಞರು ಒಪ್ಪಲಿಲ್ಲ. ಹಿಂದೆ ಸಿಮ್ಲಾದಲ್ಲಿ ಭಾರತದ ಹವಾಮಾನ ಇಲಾಖೆಯಲ್ಲಿ ದುಡಿದಿದ್ದ ಸರ್ ಜಾರ್ಜ್ ಸಿಂಪ್ಸನ್, ಇಂಗಾಲ, ಉಷ್ಣಾಂಶ ಎರಡೂ ಒಟ್ಟಿಗೆ ಏರಿದ್ದು ಕಾಕತಾಳೀಯ ಎಂದರು. ಹಳೆಯ ಥರ್ಮಾಮೀಟರುಗಳನ್ನು ಎಷ್ಟು ನಂಬಬಹುದು, ಗಾಳಿಯ ಇಂಗಾಲವನ್ನು ಅಳೆದದ್ದು ಸರಿಯೇ ಎಂಬ ಪ್ರಶ್ನೆಗಳೂ ಬಂದವು. ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ. ಈ ವಿವಾದದ ಚರಿತ್ರೆಯಲ್ಲಿ ನನಗೆ ಇಂಥ ಅನುಮಾನದ ಬಗ್ಗೆ ತುಂಬ ಗೌರವ. ಮುಂದಿನ ಅರ್ಧ ಶತಮಾನದ ಸಂಶೋಧನೆ ನಡೆದದ್ದೇ ಅದಕ್ಕೆ ಉತ್ತರ ಹುಡುಕುತ್ತ.

ಅಳತೆಯ ಪ್ರಶ್ನೆಯನ್ನು ಬಗೆಹರಿಸಿದವರು ಚಾರ್ಲ್ಸ್ ಕೀಲಿಂಗ್. 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ, ಸುಮಾರು 3,400 ಮೀಟರ್ ಎತ್ತರದಲ್ಲಿ, ಊರು-ಕಾರ್ಖಾನೆಗಳ ಹೊಗೆ ತಾಗದ ಗಾಳಿಯನ್ನು ಅಳೆಯತೊಡಗಿದರು. ಆಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 315. ಈಗ 420 ದಾಟಿದೆ. ಉತ್ತರಾರ್ಧ ಗೋಳದಲ್ಲಿ ಗಿಡಮರ ಚಿಗುರಿದಾಗ ನಕ್ಷೆಯ ಗೆರೆ ಇಳಿಯುತ್ತದೆ, ಎಲೆ ಉದುರಿದಾಗ ಏರುತ್ತದೆ. ಆದರೆ ವರ್ಷದಿಂದ ವರ್ಷಕ್ಕೆ ಇಡೀ ಗೆರೆಯೇ ಮೇಲಕ್ಕೆ ಸರಿಯುತ್ತಿದೆ.

ಏರಿದ ಇಂಗಾಲ ನಮ್ಮದೇ ಎನ್ನಲು ಏನು ಆಧಾರ? ಜೀವಂತ ಮರದಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಒಂದಿಷ್ಟು ಇರುತ್ತದೆ. 5,730 ವರ್ಷಗಳಿಗೊಮ್ಮೆ ಅದು ಅರ್ಧಕ್ಕಿಳಿಯುತ್ತದೆ. ಕೋಟ್ಯಂತರ ವರ್ಷ ಹಳೆಯ ಕಲ್ಲಿದ್ದಲಿನಲ್ಲಿ ಅದು ಉಳಿದೇ ಇಲ್ಲ. 1955ರಲ್ಲಿ ಹ್ಯಾನ್ಸ್ ಸ್ಯೂಸ್ ಮರದ ಉಂಗುರಗಳನ್ನು ಪರೀಕ್ಷಿಸಿದಾಗ, ನೀರು ಬೆರೆತ ಹಾಲಿನ ಹಾಗೆ, ಈಚಿನ ಉಂಗುರಗಳಲ್ಲಿ ಇಂಗಾಲ-14 ತೆಳುವಾಗಿತ್ತು. ಜ್ವಾಲಾಮುಖಿಯ ಇಂಗಾಲದಲ್ಲೂ ಅದು ಇರುವುದಿಲ್ಲವಲ್ಲ ಎಂದು ಕೇಳಬಹುದು. ಅದಕ್ಕೆ ಕೀಲಿಂಗರ ಮಗ ರಾಲ್ಫ್ ಉತ್ತರ ಕೊಟ್ಟರು. ಇಂಧನ ಉರಿಯಲು ಆಮ್ಲಜನಕ ಬೇಕು. ಜ್ವಾಲಾಮುಖಿ ಕಾರುವ ಇಂಗಾಲಕ್ಕೆ ಬೇಡ. ವಾತಾವರಣದ ಆಮ್ಲಜನಕ ಸಣ್ಣ ಪ್ರಮಾಣದಲ್ಲಿ, ಆದರೆ ಬಿಡದೆ ಕಡಿಮೆಯಾಗುತ್ತಿರುವುದನ್ನು ಅವರು ಅಳೆದು ತೋರಿಸಿದರು. ಸೂರ್ಯನೇ ಕಾರಣ ಎನ್ನುವ ವಾದವೂ ನಿಲ್ಲಲಿಲ್ಲ. ಹಾಗಿದ್ದರೆ ವಾತಾವರಣದ ಮೇಲಿನ ಸ್ತರವೂ ಕಾಯಬೇಕಿತ್ತು, ಆದರೆ ಆ ಸ್ತರ, ಅಂದರೆ ಸ್ಟ್ರಾಟೋಸ್ಫಿಯರ್, ತಣ್ಣಗಾಗುತ್ತಿದೆ.

ಈ ಹುಡುಕಾಟದಲ್ಲಿ ಬೆಂಗಳೂರಿನ ಪಾಲೂ ಇದೆ. ವೀರಭದ್ರನ್ ರಾಮನಾಥನ್ ಬಾಲ್ಯದಲ್ಲೇ ಇಲ್ಲಿಗೆ ಬಂದವರು. ತಮಿಳು ಮಾಧ್ಯಮ ಬಿಟ್ಟು ಬಂದ ಹುಡುಗನಿಗೆ ಇಲ್ಲಿನ ಇಂಗ್ಲಿಷ್ ಪಾಠ ತಲೆಗೆ ಹತ್ತಲಿಲ್ಲ. ಹೀಗಾಗಿ ಎಲ್ಲವನ್ನೂ ತಾನೇ ಯೋಚಿಸಿ ತಿಳಿಯುವ ಅಭ್ಯಾಸ ಬೆಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಎಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದಿನ ಫ್ರಿಜ್ ಕಂಪನಿಯೊಂದರಲ್ಲಿ ಗ್ಯಾಸ್ ಸೋರುವುದನ್ನು ತಡೆಯುವ ಕೆಲಸ ಮಾಡಿದರು, ಆಮೇಲೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದಿದರು. ಫ್ರಿಜ್‌ನಿಂದ ಸೋರುವ ಅದೇ ಗ್ಯಾಸು ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಾರು ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆಂದು 1975ರಲ್ಲಿ ತೋರಿಸಿದ್ದೂ ಅವರೇ. 1980ರಲ್ಲಿ ರೋಲಂಡ್ ಮ್ಯಾಡನ್ ಜೊತೆ ಸೇರಿ, 2000ದ ಹೊತ್ತಿಗೆ ಮನುಷ್ಯ ತಂದ ಬಿಸಿ ದಾಖಲೆಗಳಲ್ಲಿ ಎದ್ದು ಕಾಣುತ್ತದೆ ಎಂದು ಬರೆದರು. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 1995ರಲ್ಲೇ ಮನುಷ್ಯನ ಪ್ರಭಾವ ಗೋಚರಿಸುತ್ತಿದೆ ಎಂದಿತು.

ಅನುಮಾನದ ಬಣ್ಣ ಬದಲಾದದ್ದು ಈ ಹೊತ್ತಿಗೆ. ಎಕ್ಸಾನ್ ತೈಲ ಕಂಪನಿಯ ಮೇಲಧಿಕಾರಿಗಳಿಗೆ ಅಲ್ಲಿನದೇ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ 1977ರಲ್ಲೇ ವಿಷಯ ತಿಳಿಸಿದ್ದರು. ಆ ಕಂಪನಿಯ ವಿಜ್ಞಾನಿಗಳು ಹಾಕಿದ್ದ ಅಂದಾಜುಗಳಲ್ಲಿ ಹೆಚ್ಚಿನವು ನಿಜವಾದವೆಂದು 2023ರಲ್ಲಿ ಸೈನ್ಸ್ ಪತ್ರಿಕೆಯ ಅಧ್ಯಯನ ತೋರಿಸಿತು. ಆದರೂ 1998ರಲ್ಲಿ, ಅಮೆರಿಕದ ತೈಲೋದ್ಯಮದ ಸಂಘ ಮುಂದೆ ನಿಂತು ಸಿದ್ಧಪಡಿಸಿದ ಒಂದು ಯೋಜನೆ ಬಯಲಾಯಿತು. ವಿಜ್ಞಾನ ಇನ್ನೂ ಅನಿಶ್ಚಿತ ಎಂದು ಜನಸಾಮಾನ್ಯರಿಗೆ ಮನದಟ್ಟಾದರೆ ಗೆದ್ದಂತೆ ಎಂದು ಅದರಲ್ಲಿ ಬರೆದಿತ್ತು. ಸಿಂಪ್ಸನ್ ಕೇಳಿದ್ದು ಉತ್ತರಕ್ಕಾಗಿ. ಇವರಿಗೆ ಉತ್ತರ ಬೇಕಿರಲಿಲ್ಲ, ಕಾಲ ತಳ್ಳುವುದು ಬೇಕಿತ್ತು. ಹಾಗೆ ತಳ್ಳಿದ ವರ್ಷಗಳಲ್ಲಿ ಗಾಳಿಗೆ ಸೇರಿದ ಇಂಗಾಲದ ಒಂದು ಪಾಲು ನೂರಾರು ವರ್ಷ ಅಲ್ಲೇ ಇರುತ್ತದೆ. ಇದನ್ನು ಕ್ಷಮಿಸಲು ನನಗಾಗುವುದಿಲ್ಲ.

ಪ್ರಾಮಾಣಿಕ ಅನುಮಾನ ಆಗಲೂ ಬತ್ತಿರಲಿಲ್ಲ. ಬರ್ಕ್‌ಲಿಯ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಹಳೆಯ ಅಧ್ಯಯನಗಳನ್ನು ನಂಬದೆ, ತಮ್ಮದೇ ತಂಡ ಕಟ್ಟಿ ಉಷ್ಣಾಂಶದ ದಾಖಲೆಗಳನ್ನು ಮೊದಲಿನಿಂದ ಲೆಕ್ಕ ಹಾಕಿದರು. ತೈಲ ಉದ್ಯಮಿ ಚಾರ್ಲ್ಸ್ ಕೋಕ್ ಅವರ ಪ್ರತಿಷ್ಠಾನವೂ ಅದಕ್ಕೆ ಹಣ ಕೊಟ್ಟಿತ್ತು. ಊರುಗಳ ಬಿಸಿ ಥರ್ಮಾಮೀಟರುಗಳನ್ನು ಕೆಡಿಸಿದೆಯೇ ಎಂದು ತಂಡ ನೋಡಿತು, ಫಲಿತಾಂಶ ಬದಲಾಗಲಿಲ್ಲ. 250 ವರ್ಷಗಳ ಏರಿಕೆಯ ಪಕ್ಕಕ್ಕೆ ಸೂರ್ಯನ ಏರಿಳಿತವನ್ನಿಟ್ಟು ನೋಡಿದರು, ಜನಸಂಖ್ಯೆಯ ಏರಿಕೆಯನ್ನೂ ಇಟ್ಟು ನೋಡಿದರು. ಎಲ್ಲಕ್ಕಿಂತ ಚೆನ್ನಾಗಿ ಹೊಂದಿದ್ದು ಇಂಗಾಲದ ಡೈಆಕ್ಸೈಡಿನ ಗೆರೆ. ಬಿಸಿಗೆ ಹೆಚ್ಚುಕಡಿಮೆ ಪೂರ್ತಿಯಾಗಿ ಮನುಷ್ಯನೇ ಕಾರಣ ಎಂದು 2012ರ ಜುಲೈನಲ್ಲಿ ಅವರು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ತಮ್ಮ ಹೆಸರಿನಲ್ಲೇ ಬರೆದರು.