ಕತ್ತಿ ಹಿಡಿದು ಬಂದವನ ಕಂದಾಯದ ಲೆಕ್ಕ

ರೈತ ತನ್ನ ಹೊಲದ ಕಂದಾಯವನ್ನು ಜಮೀನ್ದಾರನ ಕೈಗೆ ಕೊಡದೆ ನೇರವಾಗಿ ಸರ್ಕಾರಕ್ಕೆ ಕಟ್ಟುವ ಪದ್ಧತಿಗೆ ರೈತವಾರಿ ಎಂದು ಹೆಸರು. ಇದನ್ನು ಮದರಾಸು ಪ್ರಾಂತದಲ್ಲಿ ನೆಲೆಗೊಳಿಸಿದವನು ಸರ್ ಥಾಮಸ್ ಮನ್ರೋ. ಮಧ್ಯವರ್ತಿಯನ್ನು ತೆಗೆದುಹಾಕಿದ್ದು ಈ ಪದ್ಧತಿಯ ಒಂದು ಮುಖ. ರೈತ ಕಟ್ಟಬೇಕಾದ ಮೊತ್ತ ಎಷ್ಟು ಎಂಬುದು ಅದರ ಇನ್ನೊಂದು ಮುಖ.

1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದ ಮನ್ರೋ ವ್ಯಾಪಾರಿಯ ಮಗ. ಅಮೆರಿಕದ ಸ್ವಾತಂತ್ರ್ಯ ಯುದ್ಧದಿಂದ ತಂದೆಯ ವಹಿವಾಟು ಮುಳುಗಿತು. 1780ರಲ್ಲಿ ಆತ ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯ ಸೇರಿ ಮದರಾಸಿಗೆ ಬಂದ. ಹೈದರಾಲಿ, ಟಿಪ್ಪು ಸುಲ್ತಾನರ ವಿರುದ್ಧದ ಯುದ್ಧಗಳಲ್ಲಿ ಪಾಲ್ಗೊಂಡ. 1792ರ ಒಪ್ಪಂದದಲ್ಲಿ ಟಿಪ್ಪುವಿನಿಂದ ಕಂಪೆನಿಗೆ ಸಿಕ್ಕ ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡ್ ಎಂಬ ಸೇನಾಧಿಕಾರಿಯ ಕೈಕೆಳಗೆ ಕಂದಾಯದ ಕೆಲಸ ಕಲಿತ. ಶ್ರೀರಂಗಪಟ್ಟಣದ ಪತನದ ನಂತರ, 1799ರಲ್ಲಿ, ಕೆನರಾದ ಕಲೆಕ್ಟರ್ ಆದ.

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪೆನಿಗೆ ಬಿಟ್ಟುಕೊಟ್ಟ. ಅಲ್ಲಿಗೆ ಮನ್ರೋ ಪ್ರಧಾನ ಕಲೆಕ್ಟರ್. ಪಾಳೆಯಗಾರರನ್ನು ಸೈನ್ಯಬಲದಿಂದ ಹತ್ತಿಕ್ಕಿದ ಆತ ಹೊಲ ಹೊಲವನ್ನೂ ಅಳೆಸಿದ. ಅಳತೆಯ ಸರಪಳಿ 33 ಅಡಿ ಉದ್ದ. ಅಷ್ಟು ಉದ್ದ, ಅಷ್ಟೇ ಅಗಲದ ನೆಲ 40 ಸೇರಿದರೆ ಒಂದು ಎಕರೆ. ನಮ್ಮ ರೈತರು 40 ಗುಂಟೆಗೆ ಒಂದು ಎಕರೆ ಎನ್ನುವುದೂ ಇದೇ ಲೆಕ್ಕ.

ಅಳತೆ ಮುಗಿದಾಗ ನಿಗದಿಯಾದ ದರ ಭಾರವಾಗಿತ್ತು. ಅದು ಮನ್ರೋಗೂ ತಿಳಿದಿತ್ತು. 1807ರಲ್ಲಿ, ರಜೆಯ ಮೇಲೆ ಬ್ರಿಟನ್ನಿಗೆ ಮರಳುವ ಮುನ್ನ, ದರದಲ್ಲಿ ಶೇ 25ರಷ್ಟು ಇಳಿಸಬೇಕೆಂದು ಆತ ಶಿಫಾರಸು ಮಾಡಿದ. ಮದರಾಸು ಸರ್ಕಾರ ಒಪ್ಪಲಿಲ್ಲ. ರೈತವಾರಿಯನ್ನೇ ಕೈಬಿಟ್ಟು ಹಳ್ಳಿಗಳನ್ನು ಗುತ್ತಿಗೆಗೆ ಕೊಟ್ಟಿತು. ಮೊದಲು ಮೂರು ವರ್ಷಕ್ಕೆ, ಬಳಿಕ ಹತ್ತು ವರ್ಷಕ್ಕೆ. ಅನೇಕ ಗುತ್ತಿಗೆದಾರರು ಹಣ ಕಟ್ಟಲಾಗದೆ ದಿವಾಳಿಯಾದರು.

1814ರಲ್ಲಿ ಹಿಂತಿರುಗಿದ ಮನ್ರೋ, ಮರಾಠರೊಡನೆ ನಡೆದ ಕೊನೆಯ ಯುದ್ಧದಲ್ಲಿ ಮತ್ತೆ ಕತ್ತಿ ಹಿಡಿದ. 1818ರಲ್ಲಿ ಬಾದಾಮಿ, ಬೆಳಗಾವಿ ಕೋಟೆಗಳು ಆತನ ವಶವಾದವು. 1820ರಲ್ಲಿ ಮದರಾಸಿನ ಗವರ್ನರ್ ಆದಾಗ, ಹದಿಮೂರು ವರ್ಷ ಹಿಂದೆ ತಿರಸ್ಕೃತವಾಗಿದ್ದ ಕಡಿತ ಜಾರಿಗೆ ಬಂತು. ರೈತವಾರಿಯೂ ಮರಳಿ ಬಂತು.

ಹೀಗೆಂದು ಮನ್ರೋವನ್ನು ರೈತರ ಉದ್ಧಾರಕನೆಂದುಬಿಡುವುದು ಸರಿಯಲ್ಲ. ದರ ಇಳಿದರೂ ಕಂದಾಯವನ್ನು ನಗದಿನಲ್ಲೇ ಕಟ್ಟಬೇಕಿತ್ತು. ಮಳೆ ಕೈಕೊಟ್ಟ ವರ್ಷ ರೈತನಿಗೆ ಸಾಹುಕಾರನ ಬಾಗಿಲೇ ಗತಿ. ಜಮೀನ್ದಾರನ ಜಾಗಕ್ಕೆ ಕಂದಾಯ ಇಲಾಖೆಯ ಕೆಳ ನೌಕರ ಬಂದ. ಆದರೂ ತನ್ನದೇ ಕಂದಾಯ ಹೆಚ್ಚಾಯಿತೆಂದು ಬರೆದುಕೊಟ್ಟ ಕಲೆಕ್ಟರ್ ಅಪರೂಪದವನು.

ನಿವೃತ್ತಿಗೆ ಮುನ್ನ ತನ್ನ ಹಳೆಯ ಸೀಮೆಯನ್ನು ಕೊನೆಯ ಬಾರಿ ನೋಡಲು ಹೊರಟ ಮನ್ರೋ, 1827ರ ಜುಲೈ 6ರಂದು ಕರ್ನೂಲು ಸೀಮೆಯ ಪತ್ತಿಕೊಂಡದಲ್ಲಿ ಕಾಲರಾಕ್ಕೆ ಬಲಿಯಾದ. ಆತ ಅಳೆಸಿದ್ದ ನೆಲದಲ್ಲಿ ಬಳ್ಳಾರಿಯ ಬಹುಭಾಗ 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು.